1810ರ ಇಂಗ್ಲೆಂಡಿನ ಸಾವಿನ ಮನೆ: ಕಥೆಯಲ್ಲಿ, ನಾಟಕದಲ್ಲಿ ತಪ್ಪಿಲ್ಲದೆ ಕಟ್ಟುವುದು ಹೇಗೆ?

ಹಳೇ ಇಂಗ್ಲೆಂಡಿನ ಕಥೆಯನ್ನು ಕನ್ನಡಕ್ಕೆ ತರುವವರು, ಆ ಕಾಲವನ್ನಿಟ್ಟುಕೊಂಡು ನಾಟಕ ಬರೆಯುವವರು ಎಲ್ಲರೂ ಒಂದೇ ಜಾಗದಲ್ಲಿ ಎಡವುತ್ತಾರೆ. ಔತಣ, ಕುಣಿತ, ಮದುವೆ ಮಾತುಕತೆ ಎಲ್ಲ ಚೆನ್ನಾಗಿ ಬಂದಿರುತ್ತದೆ. ಒಬ್ಬರು ಸತ್ತರೋ, ಕಲಸುಮೇಲೋಗರ. ಬೆಳಗ್ಗೆ ಸತ್ತವರನ್ನು ಸಂಜೆಗೇ ಹೂಳುತ್ತಾರೆ, ದೊಡ್ಡ ಮನೆಯ ವಿಧವೆ ಗುಂಡಿಯ ಅಂಚಿನಲ್ಲಿ ಬಿದ್ದು ಹೊರಳಾಡಿ ಅಳುತ್ತಾಳೆ, ಗೆಳೆಯನೊಬ್ಬ ಭಾಷಣ ಬಿಗಿಯುತ್ತಾನೆ, ಬಂದವರೆಲ್ಲ ಸಾಲಾಗಿ ಹಿಡಿ ಹಿಡಿ ಮಣ್ಣು ಹಾಕುತ್ತಾರೆ, ಗೋಡೆಯ ಮೇಲೆ ಸತ್ತವರ ಫೋಟೋ. ಇದರಲ್ಲಿ ಒಂದೂ ಸರಿಯಿಲ್ಲ.

ಅರ್ಧ ತಪ್ಪು ನಮ್ಮ ಮನೆಗಳ ಪದ್ಧತಿಯಿಂದ ಬಂದದ್ದು. ಇನ್ನರ್ಧ ವಿಕ್ಟೋರಿಯಾ ರಾಣಿಯ ಕಾಲವನ್ನು ತೋರಿಸುವ ಸಿನಿಮಾ, ಸೀರಿಯಲ್‌ಗಳಿಂದ ಬಂದದ್ದು. ಆಕೆ ಪಟ್ಟಕ್ಕೆ ಬಂದದ್ದೇ 1837ರಲ್ಲಿ. ಇಲ್ಲಿ ಹೇಳುತ್ತಿರುವುದು ಅದಕ್ಕೂ ಹಿಂದಿನ, 1800ರಿಂದ 1830ರ ಆಸುಪಾಸಿನ ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡಿನ ಪದ್ಧತಿ ಬೇರೆ, ಐರ್ಲೆಂಡಿನದ್ದು ಇನ್ನೂ ಬೇರೆ. ಅವನ್ನು ಇದರೊಳಗೆ ಬೆರೆಸಬೇಡಿ.

## ಮೊದಲು ಕೈಯಲ್ಲಿರಬೇಕಾದದ್ದು

ಜಾಸ್ತಿ ಏನೂ ಬೇಡ. ಒಂದು ಹಾಳೆಯಲ್ಲಿ ಸತ್ತ ದಿನದಿಂದ ಶುರುವಾಗುವ ಹದಿನಾಲ್ಕು ತಿಂಗಳ ಕ್ಯಾಲೆಂಡರ್ ಗೀಚಿಕೊಳ್ಳಿ. ಇನ್ನೊಂದರಲ್ಲಿ ಸತ್ತವರಿಗೆ ಯಾರು ಯಾರು ಏನಾಗಬೇಕು ಅಂತ ಬರೆದಿಡಿ. ಯಾರು ಎಷ್ಟು ದಿನ ಕಪ್ಪು ಉಡಬೇಕು ಅನ್ನುವುದು ಪೂರ್ತಿ ಇದರ ಮೇಲೇ ನಿಂತಿದೆ. ಮೂರನೆಯದು, ಇಂಗ್ಲೆಂಡಿನ ಚರ್ಚಿನ 1662ರ ಪ್ರಾರ್ಥನಾ ಪುಸ್ತಕದಲ್ಲಿರುವ ಶವಸಂಸ್ಕಾರದ ಭಾಗ. ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪಾದ್ರಿಯ ಮಾತನ್ನು ನೀವೇ ಹೊಸೆಯಬೇಕಾಗಿಲ್ಲ.

## ಹಂತ 1: ವರ್ಷ, ಅಂತಸ್ತು, ಪಂಥ ಗಟ್ಟಿ ಮಾಡಿಕೊಳ್ಳಿ

ಇದನ್ನು ಮಾಡದೆ ಒಂದು ಸಾಲೂ ಬರೆಯಬೇಡಿ. ಈ ಮೂವತ್ತು ನಲವತ್ತು ವರ್ಷಗಳಲ್ಲಿ ಕಾನೂನು ಹಲವು ಸಲ ಬದಲಾಗಿದೆ. ಹೆಣಕ್ಕೆ ಉಣ್ಣೆ ಬಟ್ಟೆಯನ್ನೇ ಹೊದಿಸಬೇಕು ಅನ್ನುವ ಹಳೇ ಕಾಯ್ದೆ ರದ್ದಾದದ್ದು 1814ರಲ್ಲಿ. ಆತ್ಮಹತ್ಯೆ ಮಾಡಿಕೊಂಡವರನ್ನು ಹೂಳುವ ಕ್ರಮ ಬದಲಾದದ್ದು 1823ರಲ್ಲಿ. ವೈದ್ಯಕೀಯ ಶಾಲೆಗಳಿಗೆ ಹೆಣ ಒದಗಿಸುವ ಕಾಯ್ದೆ ಬಂದದ್ದು 1832ರಲ್ಲಿ. ಲಂಡನ್ನಿನಲ್ಲಿ ಕೆನ್ಸಲ್ ಗ್ರೀನ್‌ನಂಥ ತೋಟದ ಹಾಗಿರುವ ದೊಡ್ಡ ಸ್ಮಶಾನ ತೆರೆದದ್ದು 1833ರಲ್ಲಿ. ಸಾವಿನ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. 1815ರ ಕಥೆಯಲ್ಲಿ ಯಾರಾದರೂ ಮರಣ ಪತ್ರ ತೋರಿಸಿದರೆ ಅಲ್ಲೇ ಸಿಕ್ಕಿಬಿದ್ದಿರಿ. ಸುಡುವ ಮಾತಂತೂ ಬೇಡವೇ ಬೇಡ. ಇಂಗ್ಲೆಂಡಿನಲ್ಲಿ ವೋಕಿಂಗ್‌ನ ಶವದಹನ ಶುರುವಾಗಿದ್ದು 1885ರಲ್ಲಿ.

ಅಂತಸ್ತು ಅಂದರೆ ಜಮೀನ್ದಾರ, ಪಾದ್ರಿ, ಅಂಗಡಿಕಾರ, ಕೂಲಿ, ಇವರಲ್ಲಿ ಯಾರ ಮನೆ ಅಂತ. ನಾಲ್ಕೂ ಕಡೆ ನಾಲ್ಕು ಥರ ನಡೆಯುತ್ತದೆ. ಪಂಥವನ್ನೂ ಮರೆಯಬೇಡಿ. ಕ್ವೇಕರ್ ಅನ್ನುವ ಕ್ರೈಸ್ತ ಪಂಥದ ಜನ ಶೋಕದ ಕಪ್ಪು ಉಡುತ್ತಿರಲಿಲ್ಲ. ಇಂಗ್ಲೆಂಡಿನ ಚರ್ಚನ್ನು ಒಪ್ಪದ ಬೇರೆ ಪಂಥದವರಿಗೆ ಲಂಡನ್ನಿನ ಬನ್‌ಹಿಲ್ ಫೀಲ್ಡ್ಸ್‌ನಂಥ ತಮ್ಮದೇ ಜಾಗಗಳಿದ್ದವು.

## ಹಂತ 2: ಮೊದಲ ರಾತ್ರಿ, ಮನೆಯೊಳಗೆ

ಸಾವು ಮನೆಯಲ್ಲೇ, ಹೆಣವೂ ಮನೆಯಲ್ಲೇ. ಶವಾಗಾರ ಅಂತೆಲ್ಲ ಇಲ್ಲ. ಮನೆಯ ಹೆಂಗಸರೋ, ಈ ಕೆಲಸಕ್ಕೇ ಕರೆಸುವ ಊರಿನ ಹಿರಿಯಳೊಬ್ಬಳೋ ಬಂದು ಕಣ್ಣು ಮುಚ್ಚಿಸಿ ಮೇಲೆ ನಾಣ್ಯ ಇಡುತ್ತಾರೆ, ಗದ್ದಕ್ಕೆ ಬಟ್ಟೆ ಕಟ್ಟುತ್ತಾರೆ, ಮೈ ತೊಳೆದು ಶವವಸ್ತ್ರ ತೊಡಿಸುತ್ತಾರೆ. ಕ್ರಮ ಇದೇ ಇರಲಿ. ಮೈ ಸೆಟೆಯುವ ಮೊದಲು ಇದೆಲ್ಲ ಮುಗಿಯಬೇಕು, ಅದಕ್ಕೇ ಅವಸರ. ಆಮೇಲೆ ಅವಸರ ಏನಿಲ್ಲ.

ಕಿಟಕಿಯ ಬಾಗಿಲು, ಪರದೆ ಎಲ್ಲ ಮುಚ್ಚಿ. ಹೆಣದ ಪಕ್ಕ ಒಬ್ಬರು ಕೂತಿರಲಿ. ಹಳ್ಳಿಯಾದರೆ ಜೇನುಗೂಡಿನ ಹತ್ತಿರ ಹೋಗಿ ಯಜಮಾನರು ಹೋದರು ಅಂತ ಜೇನುಗಳಿಗೆ ಹೇಳಿಬರುವ ರೂಢಿ ಹಲವು ಕಡೆ ಇತ್ತು. ಹೇಳದಿದ್ದರೆ ಜೇನು ಗೂಡು ಬಿಟ್ಟು ಹೋಗುತ್ತದೆ ಅನ್ನುವ ನಂಬಿಕೆ. ಸುಮ್ನೆ ಒಂದು ಸಾಲು ಹಾಕಿದರೂ ದೃಶ್ಯ ನಿಲ್ಲುತ್ತದೆ.

ಚರ್ಚಿನ ಗಂಟೆ ಬಾರಿಸಬೇಕು. ಅನೇಕ ಊರುಗಳಲ್ಲಿ ಗಂಡಸಿಗೆ ಮೂರು ಮೂರರಂತೆ ಮೂರು ಸಲ, ಹೆಂಗಸಿಗೆ ಎರಡೆರಡರಂತೆ ಮೂರು ಸಲ, ಆಮೇಲೆ ಸತ್ತವರ ವಯಸ್ಸಿಗೆ ತಕ್ಕಷ್ಟು ಏಟು. ಊರಿಂದೂರಿಗೆ ಲೆಕ್ಕ ಬೇರೆಯಿತ್ತು. ಹೊಲದಲ್ಲಿರುವ ಆಳು ಏಟು ಎಣಿಸಿಯೇ ಯಾರು ಹೋದರು ಅಂತ ಊಹಿಸಬಹುದು. ಸುದ್ದಿ ಹರಡುವುದಕ್ಕೆ ಓಡಿ ಬರುವ ಹುಡುಗನಿಗಿಂತ ಇದು ಒಳ್ಳೆಯ ದಾರಿ.

ಇಲ್ಲಿ ಆಗುವ ತಪ್ಪು: ಉಣ್ಣೆಯ ಕಾಯ್ದೆಯನ್ನು ತುಂಬಾ ಗಂಭೀರವಾಗಿ ಹಿಡಿಯುವುದು. ತಪ್ಪಿದರೆ ಐದು ಪೌಂಡ್ ದಂಡ ಅಂತ ಕಾಗದದಲ್ಲಿ ಇತ್ತು, ನಿಜ. 1800ರ ಹೊತ್ತಿಗೆ ಹೆಚ್ಚಿನವರು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಯಾರಾದರೂ ಅಜ್ಜಿ ಗೊಣಗುವ ಮಾತಾಗಿ ಬಂದರೆ ಸಾಕು. ಇನ್ನು ಫೋಟೋ. 1839ರವರೆಗೆ ಫೋಟೋಗ್ರಫಿ ಜನರ ಕಣ್ಣಿಗೇ ಬಿದ್ದಿರಲಿಲ್ಲ. ನೆನಪಿಗೆ ಬೇಕಾದರೆ ಕತ್ತರಿಸಿ ಇಟ್ಟುಕೊಂಡ ಒಂದು ಎಳೆ ಕೂದಲು, ಪುಟ್ಟ ಬಣ್ಣದ ಚಿತ್ರ, ಕಪ್ಪು ಕಾಗದದಲ್ಲಿ ಕತ್ತರಿಸಿದ ಮುಖದ ನೆರಳು. ಕೂದಲನ್ನು ಈ ಹಂತದಲ್ಲೇ ಕತ್ತರಿಸಿಡಿ, ಕೊನೆಗೆ ಬೇಕಾಗುತ್ತದೆ.

## ಹಂತ 3: ಕಾಗದ ಕಳಿಸುವುದು

ಕಪ್ಪು ಅಂಚಿನ ಲಕೋಟೆ ಬೇಡ. 1840ಕ್ಕೆ ಮೊದಲು ಅಂಚೆಯ ದರ ಹಾಳೆಯ ಲೆಕ್ಕದಲ್ಲಿತ್ತು, ದೂರದ ಲೆಕ್ಕವೂ ಸೇರುತ್ತಿತ್ತು. ಲಕೋಟೆ ಹಾಕಿದರೆ ಅದೂ ಇನ್ನೊಂದು ಹಾಳೆ, ಅಂದರೆ ಡಬಲ್ ದುಡ್ಡು. ಆದ್ದರಿಂದ ಬರೆದ ಹಾಳೆಯನ್ನೇ ಮಡಚಿ, ಮೇಲೆ ವಿಳಾಸ ಬರೆದು, ಅರಗಿನ ಮುದ್ರೆ ಒತ್ತುತ್ತಿದ್ದರು. ಮಾಮೂಲಿ ಅರಗು ಕೆಂಪು, ಸಾವಿಗೆ ಕಪ್ಪು.

ದುಡ್ಡು ಕೊಡುತ್ತಿದ್ದದ್ದು ಸಾಮಾನ್ಯವಾಗಿ ಕಾಗದ ತೆಗೆದುಕೊಳ್ಳುವವರು. ಅಂದರೆ ನಿಮ್ಮ ನಾಯಕಿ ಬಾಗಿಲಲ್ಲಿ ನಿಂತು, ಕಪ್ಪು ಅರಗು ನೋಡಿ, ಒಳಗೆ ಯಾರ ಹೆಸರಿದೆಯೋ ಗೊತ್ತಾಗದೆ ಮೊದಲು ಚಿಲ್ಲರೆ ಎಣಿಸಿಕೊಡಬೇಕು. ಇಂಥ ಕ್ಷಣವನ್ನು ಬಿಟ್ಟು ಲಕೋಟೆ ಹರಿಯುವ ದೃಶ್ಯ ಯಾಕೆ ಬರೆಯುತ್ತೀರಿ?

ಸುದ್ದಿ ತಲುಪುವ ದಿನ ಲೆಕ್ಕ ಹಾಕಿ. ಇಂಗ್ಲೆಂಡಿನ ನೌಕಾಪಡೆಯ ದಂಡನಾಯಕ ನೆಲ್ಸನ್ ಟ್ರಫಾಲ್ಗರ್ ಕದನದಲ್ಲಿ ಸತ್ತದ್ದು 1805ರ ಅಕ್ಟೋಬರ್ 21ಕ್ಕೆ, ಲಂಡನ್ನಿಗೆ ಸುದ್ದಿ ಬಂದದ್ದು ನವೆಂಬರ್ 6ಕ್ಕೆ. ದೇಶಕ್ಕೆ ದೇಶವೇ ಕಾಯುತ್ತಿದ್ದ ಸುದ್ದಿಗೇ ಹದಿನಾರು ದಿನ. ಪಾತ್ರದ ಅಣ್ಣ ಶ್ರೀರಂಗಪಟ್ಟಣದ ಕೋಟೆಯಲ್ಲಿದ್ದ ಕಂಪನಿ ಪಡೆಯ ಅಧಿಕಾರಿ ಅಂತಿಟ್ಟುಕೊಳ್ಳಿ, ಜ್ವರ ಬಂದು ಸತ್ತ. ಇಲ್ಲಿನ ಸೆಖೆಗೆ ಅವನನ್ನು ಒಂದು ದಿನದೊಳಗೆ ಹೂಳುತ್ತಾರೆ. ಕಾಗದ ಆಫ್ರಿಕಾ ಸುತ್ತಿ ಹಡಗಿನಲ್ಲಿ ಹೋಗಿ ಇಂಗ್ಲೆಂಡ್ ಮುಟ್ಟಲು ನಾಲ್ಕರಿಂದ ಆರು ತಿಂಗಳು. ಅವನ ತಂಗಿ ಕಪ್ಪು ಉಡುವುದು ಸುದ್ದಿ ಬಂದ ದಿನದಿಂದ. ಅಲ್ಲಿಯವರೆಗೆ ಆಕೆ ಕುಣಿದಿರುತ್ತಾಳೆ, ನಕ್ಕಿರುತ್ತಾಳೆ, ಅವನಿಗೆ ಇನ್ನೂ ಎರಡು ಕಾಗದ ಬರೆದಿರುತ್ತಾಳೆ.

## ಹಂತ 4: ಪೆಟ್ಟಿಗೆ ಮತ್ತು ಖರ್ಚು

ಪೆಟ್ಟಿಗೆ ಅಂಗಡಿಯಲ್ಲಿ ಸಿದ್ಧವಾಗಿ ಕೂತಿರುವುದಿಲ್ಲ. ಬಡಗಿ ಬಂದು ಅಳತೆ ತೆಗೆದುಕೊಳ್ಳುತ್ತಾನೆ. ಮರ ಸಾಮಾನ್ಯವಾಗಿ ಎಲ್ಮ್. ಹೆಗಲ ಹತ್ತಿರ ಅಗಲ, ಕಾಲಿನ ಕಡೆ ಕಿರಿದು. ಪಟ್ಟಣದಲ್ಲಿ ಶವಸಂಸ್ಕಾರದ ಏರ್ಪಾಡನ್ನೆಲ್ಲ ವಹಿಸಿಕೊಳ್ಳುವ ಅಂಡರ್‌ಟೇಕರ್ ಇರುತ್ತಾನೆ. ಹಳ್ಳಿಯಲ್ಲಿ ಮರಗೆಲಸದವನೇ ಅಂಡರ್‌ಟೇಕರ್.

ಶ್ರೀಮಂತರಿಗೆ ಒಂದರೊಳಗೊಂದು ಮೂರು ಪೆಟ್ಟಿಗೆ: ಒಳಗೆ ಮರ, ನಡುವೆ ಸೀಸ, ಹೊರಗೆ ಮತ್ತೆ ಮರ, ಅದರ ಮೇಲೆ ಮಖಮಲ್ಲು ಹೊದಿಸಿ ಸಾಲಾಗಿ ಹೊಡೆದ ಮೊಳೆ. ಸೀಸ ಯಾಕೆಂದರೆ ಹೆಣ ನೆಲಮಾಳಿಗೆಯ ಕುಟುಂಬ ಸಮಾಧಿಗೆ ಹೋಗುತ್ತದೆ, ವಾಸನೆ ಬರಬಾರದು. ಇದರ ಜೊತೆಗೆ ಬಾಗಿಲಲ್ಲಿ ಕಪ್ಪು ಬಟ್ಟೆ ಸುತ್ತಿದ ಕೋಲು ಹಿಡಿದು ಬಾಯಿ ಬಿಡದೆ ನಿಲ್ಲುವ ಬಾಡಿಗೆಯ ಇಬ್ಬರು, ಇವರನ್ನು ಮ್ಯೂಟ್ ಅನ್ನುತ್ತಿದ್ದರು, ಕಪ್ಪು ಕುದುರೆಗಳ ಶವದ ಗಾಡಿ, ಕುದುರೆಯ ನೆತ್ತಿಗೆ ಉಷ್ಟ್ರಪಕ್ಷಿಯ ಗರಿ, ಬಂದವರಿಗೆ ಮನೆಯವರ ಲೆಕ್ಕದಲ್ಲೇ ಕಪ್ಪು ಕೈಗವಸು, ಟೋಪಿಗೆ ಕಟ್ಟುವ, ಕ್ರೇಪ್ ಅನ್ನುವ ಸುಕ್ಕುಸುಕ್ಕಾದ ತೆಳು ಕಪ್ಪು ಬಟ್ಟೆಯ ಪಟ್ಟಿ, ಶಾಲು. ಮದುವೆಗೆ ಬಂದವರಿಗೆ ನಾವು ತಾಂಬೂಲ ಕೊಡುವ ಹಾಗೆ, ಕೊಡದಿದ್ದರೆ ಅವಮಾನ.

ವಂಶಲಾಂಛನ ಇರುವ ಮನೆಯಾದರೆ ಮುಂಗೋಡೆಗೆ ವಜ್ರಾಕಾರದ ಹಲಗೆ, ಹ್ಯಾಚ್‌ಮೆಂಟ್, ತಿಂಗಳುಗಟ್ಟಲೆ ನೇತಾಡುತ್ತದೆ, ಆಮೇಲೆ ಚರ್ಚಿಗೆ ಹೋಗುತ್ತದೆ. ಗಂಡ ಸತ್ತು ಹೆಂಡತಿ ಇದ್ದರೆ ನೋಡುವವರ ಎಡಗಡೆಯ ಅರ್ಧ ಹಿನ್ನೆಲೆ ಕಪ್ಪು, ಹೆಂಡತಿ ಸತ್ತಿದ್ದರೆ ಬಲಗಡೆಯ ಅರ್ಧ. ನಾಟಕದ ರಂಗಸಜ್ಜಿಕೆ ಮಾಡುವವರು ಇದನ್ನು ತಿರುಗಾಮುರುಗಾ ಮಾಡಬೇಡಿ.

ಕೂಲಿಯವರಿಗೆ ಇದ್ಯಾವುದೂ ಇಲ್ಲ. ವಾರ ವಾರ ಪೆನ್ನಿ ಕಟ್ಟುವ ಸಂಘದಲ್ಲಿದ್ದರೆ ಅದರ ದುಡ್ಡು. ಅದೂ ಇಲ್ಲದಿದ್ದರೆ ಪ್ಯಾರಿಷ್, ಅಂದರೆ ಊರಿನ ಚರ್ಚಿನ ಆಡಳಿತದ, ಖರ್ಚಿನಲ್ಲಿ ಬರೀ ಹಲಗೆಯ ಪೆಟ್ಟಿಗೆ. ಬಡವರು ಬದುಕಿರುವಾಗಲೇ ಹೆದರುತ್ತಿದ್ದದ್ದು ಇದಕ್ಕೆ.

ಎಚ್ಚರಿಕೆಯ ಗುರುತು: ಬಡ ಪಾದ್ರಿಯ ಶವಕ್ಕೆ ನೀವು ಆರು ಕುದುರೆ ಕಟ್ಟಿದ್ದರೆ, ಹಂತ 1ಕ್ಕೆ ವಾಪಸ್ ಹೋಗಿ.

## ಹಂತ 5: ಹೂಳುವ ದಿನ

ಸತ್ತ ದಿನವೇ ಹೂಳಬೇಡಿ. ಬಡವರಲ್ಲಿ ಮೂರು ನಾಲ್ಕು ದಿನ, ಉಳ್ಳವರಲ್ಲಿ ವಾರದವರೆಗೆ. ಕಾದಂಬರಿಕಾರ್ತಿ ಜೇನ್ ಆಸ್ಟಿನ್ ವಿಂಚೆಸ್ಟರ್‌ನಲ್ಲಿ ತೀರಿಕೊಂಡದ್ದು 1817ರ ಜುಲೈ 18ರ ನಸುಕಿನಲ್ಲಿ, ಹೂತದ್ದು 24ರ ಬೆಳಗ್ಗೆ. ಬೇಸಿಗೆಯಲ್ಲಿ ಆರು ದಿನ! ಚರ್ಚಿನ ದಿನದ ಪೂಜೆ ಶುರುವಾಗುವ ಮೊದಲೇ ಮುಗಿಸಬೇಕು ಅಂತ ಬೆಳಗಿನ ಹೊತ್ತು ಹಿಡಿದರು. ಹಿಂದೆ ನಡೆದವರು ಅಣ್ಣಂದಿರು, ಅಣ್ಣನ ಮಗ. ಕೊನೆಯವರೆಗೂ ಆರೈಕೆ ಮಾಡಿದ ಅಕ್ಕ ಕಸಾಂಡ್ರಾ ಹೋಗಲಿಲ್ಲ, ಮನೆಯಿಂದಲೇ ಮೆರವಣಿಗೆ ಬೀದಿ ತಿರುಗುವವರೆಗೆ ನೋಡಿದರು. ಅನುಕೂಲಸ್ಥ ಮನೆಯ ಹೆಂಗಸರು ಸಾಮಾನ್ಯವಾಗಿ ಸಮಾಧಿಯ ಹತ್ತಿರ ಹೋಗುತ್ತಿರಲಿಲ್ಲ, ಅಳು ತಡೆಯಲಾಗುವುದಿಲ್ಲ ಅನ್ನುವುದು ಕೊಡುತ್ತಿದ್ದ ಕಾರಣ. ಬಡವರ ಹೆಂಗಸರು ಹೋಗುತ್ತಿದ್ದರು. ಗುಂಡಿಯ ಹತ್ತಿರ ಅಳುವ ಹೆಂಡತಿ ಬೇಕೇ ಬೇಕು ಅಂದರೆ ಆಕೆಯನ್ನು ನೇಕಾರನ ಹೆಂಡತಿ ಮಾಡಿ.

ಇನ್ನು ಕ್ರಮ. ನಡೆದುಕೊಂಡು ಹೋಗುವ ಶವಯಾತ್ರೆಯಲ್ಲಿ ಮುಂದೆ ಅಂಡರ್‌ಟೇಕರ್ ಕಡೆಯವರು. ಆಮೇಲೆ ಪೆಟ್ಟಿಗೆ, ಅದರ ಮೇಲೆ ನೆಲದತ್ತ ಇಳಿಬಿದ್ದ ಕಪ್ಪು ಹೊದಿಕೆ. ಭಾರ ಹೊರುವವರು ಬೇರೆ, ಹೊದಿಕೆಯ ಅಂಚು ಹಿಡಿಯುವವರು ಬೇರೆ. ಹೊರುವವರು ಕೂಲಿಯವರು ಅಥವಾ ಆಳುಗಳು, ಹೊದಿಕೆ ಹಿಡಿಯುವವರು ಮರ್ಯಾದಸ್ಥ ಗೆಳೆಯರು. ಹಿಂದೆ ಹತ್ತಿರದ ಗಂಡು ಸಂಬಂಧಿ, ಅವನ ಹಿಂದೆ ಇಬ್ಬಿಬ್ಬರಾಗಿ ಉಳಿದವರು. ಮದುವೆಯಾಗದ ಹುಡುಗಿ ಅಥವಾ ಮಗು ಸತ್ತಿದ್ದರೆ ಹೊದಿಕೆ, ಕೈಗವಸು ಬಿಳಿ. ಕೆಲವು ಊರುಗಳಲ್ಲಿ ಹುಡುಗಿಯ ಪೆಟ್ಟಿಗೆಯ ಮುಂದೆ ಕಾಗದದ ಹೂವಿನ ಕಿರೀಟದಂಥದ್ದನ್ನು ಹೊತ್ತು ಹೋಗಿ ಚರ್ಚಿನಲ್ಲಿ ತೂಗುಹಾಕುತ್ತಿದ್ದರು. ಹ್ಯಾಂಪ್‌ಶೈರಿನ ಆಬಟ್ಸ್ ಆ್ಯನ್ ಊರಿನಲ್ಲಿ ಅವು ಇಂದಿಗೂ ಇವೆ.

ಪಾದ್ರಿ ಮನೆಗೆ ಬಂದು ಕರೆದೊಯ್ಯುವುದಿಲ್ಲ. ಚರ್ಚಿನಂಗಳದ ಬಾಗಿಲಲ್ಲಿ ನಿಂತು ಎದುರುಗೊಳ್ಳುತ್ತಾನೆ, ಅಲ್ಲಿಂದಲೇ ಪ್ರಾರ್ಥನೆ ಶುರು. ಒಳಗೆ 39 ಅಥವಾ 90ನೆಯ ಕೀರ್ತನೆ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯ. ಆಮೇಲೆ ಗುಂಡಿಯ ಹತ್ತಿರ. ಪಾದ್ರಿ ಮಣ್ಣಿಗೆ ಮಣ್ಣು ಅನ್ನುವ ಭಾಗ ಓದುವಾಗ ಪಕ್ಕದಲ್ಲಿ ನಿಂತವರು ಮಣ್ಣು ಹಾಕಬೇಕು ಅಂತ ಪುಸ್ತಕದಲ್ಲಿದೆ. ಚರ್ಚಿನ ಗುಮಾಸ್ತನೋ ಗುಂಡಿ ತೋಡುವವನೋ ಆ ಕೆಲಸ ಮಾಡಿದರೆ ಆಯಿತು. ಸಾಲು ನಿಲ್ಲಿಸಬೇಡಿ. ಭಾಷಣಕ್ಕೂ ಈ ಕ್ರಮದಲ್ಲಿ ಜಾಗವೇ ಇಲ್ಲ. ಸತ್ತವರ ಗುಣಗಾನ ಬೇಕಾದರೆ ಮುಂದಿನ ಭಾನುವಾರದ ಪ್ರವಚನಕ್ಕೆ ಇಟ್ಟುಕೊಳ್ಳಿ. ಹೆಣದ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ.

## ಹಂತ 6: ಸಾವು ಸರಳವಾಗಿಲ್ಲದಿದ್ದರೆ

ದೀಕ್ಷಾಸ್ನಾನ ಆಗದವರಿಗೆ, ಚರ್ಚಿನಿಂದ ಹೊರಹಾಕಲ್ಪಟ್ಟವರಿಗೆ, ತಮ್ಮ ಕೈಯಾರೆ ಜೀವ ತೆಗೆದುಕೊಂಡವರಿಗೆ ಈ ಪ್ರಾರ್ಥನೆ ಓದುವ ಹಾಗಿಲ್ಲ ಅಂತ ಅದೇ ಪುಸ್ತಕ ಹೇಳುತ್ತದೆ. ಆತ್ಮಹತ್ಯೆಯ ಕಥೆಯಾದರೆ ಮೊದಲು ಕಾರೊನರ್, ಅಂದರೆ ಅನುಮಾನದ ಸಾವುಗಳನ್ನು ವಿಚಾರಿಸುವ ಅಧಿಕಾರಿಯ, ವಿಚಾರಣೆ ಬರಬೇಕು. ಅದು ಬಹಳ ಸಲ ಊರಿನ ಪಾನಗೃಹದಲ್ಲೇ ನಡೆಯುತ್ತಿತ್ತು, ಜ್ಯೂರಿಯವರು ಹೆಣ ನೋಡಲೇಬೇಕಿತ್ತು. ಅವರ ತೀರ್ಪಿನ ಮೇಲೆ ಎಲ್ಲ ನಿಂತಿದೆ. ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಅಂದರೆ ಎಲ್ಲರ ಹಾಗೆ ಹೂಳಬಹುದು. ಬೇಕಂತಲೇ ಮಾಡಿಕೊಂಡ ಅಂದರೆ ಸತ್ತವನ ಚರಾಸ್ತಿ ದೊರೆಗೆ ಜಪ್ತಿ, ಹೆಣ ರಾತ್ರಿ ಹೊತ್ತು ನಾಲ್ಕು ದಾರಿ ಕೂಡುವಲ್ಲಿ, ಎದೆಗೆ ಗೂಟ ಹೊಡೆದು. ಹೆಂಡತಿ ಮಕ್ಕಳು ಬೀದಿಗೆ ಬೀಳುತ್ತಾರೆ ಅಂತ ಜ್ಯೂರಿಯವರು ಎಷ್ಟೋ ಸಲ ಹುಚ್ಚು ಅಂತಲೇ ಹೇಳಿಬಿಡುತ್ತಿದ್ದರು. 1822ರ ಆಗಸ್ಟಿನಲ್ಲಿ ವಿದೇಶಾಂಗ ಮಂತ್ರಿ ಕಾಸಲ್‌ರೀ ಕತ್ತು ಕುಯ್ದುಕೊಂಡು ಸತ್ತಾಗ ತೀರ್ಪು ಬುದ್ಧಿವಿಕಲ ಅಂತ ಬಂತು, ಸಮಾಧಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಾಯಿತು. ಇದಕ್ಕೆ ಹತ್ತು ವರ್ಷ ಹಿಂದೆ, ರ್‍ಯಾಟ್‌ಕ್ಲಿಫ್ ಹೈವೇ ಕೊಲೆಗಳ ಆರೋಪಿ ಜಾನ್ ವಿಲಿಯಮ್ಸ್ ಜೈಲಿನಲ್ಲಿ ನೇಣು ಹಾಕಿಕೊಂಡಿದ್ದ. ಅವನನ್ನು 1811ರ ಡಿಸೆಂಬರ್ 31ರಂದು ಲಂಡನ್ನಿನ ಬೀದಿಗಳಲ್ಲಿ ಮೆರವಣಿಗೆ ಮಾಡಿ, ದಾರಿ ಕೂಡುವಲ್ಲಿ ಗೂಟ ಹೊಡೆದು ಹೂತರು. ಹಣೆಬರಹ ಬೇರೆ, ಅಂತಸ್ತೂ ಬೇರೆ, ಅಲ್ವಾ?

1823ರ ಕಾಯ್ದೆ ಬಂದ ಮೇಲೆ ದಾರಿ ಕೂಡುವ ಜಾಗ, ಗೂಟ ಎರಡೂ ನಿಂತವು. ಚರ್ಚಿನಂಗಳದಲ್ಲೇ ಹೂಳಬೇಕು, ಆದರೆ ರಾತ್ರಿ 9ರಿಂದ 12ರೊಳಗೆ, ಪ್ರಾರ್ಥನೆಯಿಲ್ಲದೆ. ಆಸ್ತಿ ಜಪ್ತಿಯ ನಿಯಮ ಮಾತ್ರ 1870ರವರೆಗೆ ಉಳಿಯಿತು.

ಹೆಣ ಕದಿಯುವವರ ಭಯವನ್ನೂ ಇಲ್ಲೇ ಸೇರಿಸಿಕೊಳ್ಳಿ. ವೈದ್ಯಕೀಯ ಶಾಲೆಗಳಿಗೆ ಕಾನೂನಿನ ಪ್ರಕಾರ ಸಿಗುತ್ತಿದ್ದದ್ದು ಮುಖ್ಯವಾಗಿ ಗಲ್ಲಿಗೇರಿದ ಕೊಲೆಗಾರರ ಹೆಣ, ಅದು ಏನೇನೂ ಸಾಲುತ್ತಿರಲಿಲ್ಲ. ಹೆಣ ಯಾರ ಆಸ್ತಿಯೂ ಅಲ್ಲ, ಆದ್ದರಿಂದ ಕದ್ದರೆ ಸಣ್ಣ ಅಪರಾಧ. ಅದರ ಮೇಲಿನ ಬಟ್ಟೆ ಕದ್ದರೆ ದೊಡ್ಡದು. ಕಳ್ಳರು ಬಟ್ಟೆಯನ್ನು ಗುಂಡಿಗೇ ಬಿಸಾಕಿ ಹೋಗುತ್ತಿದ್ದದ್ದು ಅದಕ್ಕೇ. ಕಳವಿನ ಕಾಲ ಚಳಿಗಾಲ, ಆಗ ಪಾಠ ನಡೆಯುತ್ತದೆ, ಹೆಣವೂ ಕೆಡುವುದಿಲ್ಲ. ಉಳ್ಳವರು ಆಳವಾಗಿ ತೋಡಿಸುತ್ತಿದ್ದರು, ಕಾವಲು ಇಡುತ್ತಿದ್ದರು. 1818ರಲ್ಲಿ ಕಬ್ಬಿಣದ ಪೆಟ್ಟಿಗೆಗೆ ಪೇಟೆಂಟ್ ಕೂಡ ಆಯಿತು. ಜುಲೈ ತಿಂಗಳಲ್ಲಿ ಕಳ್ಳರನ್ನು ತಂದರೆ ತಿಳಿದವರು ಹುಬ್ಬೇರಿಸುತ್ತಾರೆ.

## ಹಂತ 7: ಕಪ್ಪಿನ ಕ್ಯಾಲೆಂಡರ್

ಆ ಕ್ಯಾಲೆಂಡರ್ ಹಾಳೆ ಈಗ ತೆಗೆಯಿರಿ. ಗಂಡ ಸತ್ತರೆ ಹೆಂಡತಿಗೆ ಕನಿಷ್ಠ ಒಂದು ವರ್ಷ. ಅಪ್ಪ, ಅಮ್ಮ, ಮಕ್ಕಳಿಗೆ ಆರು ತಿಂಗಳಿಂದ ವರ್ಷ. ಒಡಹುಟ್ಟಿದವರಿಗೆ ಮೂರರಿಂದ ಆರು ತಿಂಗಳು. ದೂರದವರಿಗೆ ವಾರಗಳ ಲೆಕ್ಕ. ಇದು ರೂಢಿ, ಕಾನೂನಲ್ಲ. ಮನೆಯಿಂದ ಮನೆಗೆ ಹೆಚ್ಚುಕಡಿಮೆ ಆಗುತ್ತಿತ್ತು. ಎರಡೂವರೆ ವರ್ಷದ ಲೆಕ್ಕ, ಪುಟಗಟ್ಟಲೆ ನಿಯಮ ಎಲ್ಲ ವಿಕ್ಟೋರಿಯಾ ಕಾಲದ್ದು.

ಮೊದಲ ಹಂತದ ಬಟ್ಟೆಯಲ್ಲಿ ಹೊಳಪು ಇರಬಾರದು. ರೇಷ್ಮೆ ಮತ್ತು ಉಣ್ಣೆಯ ನೂಲು ಸೇರಿಸಿ ನೇಯ್ದ ಬಾಂಬಜೀನ್, ಮೇಲೆ ಕ್ರೇಪ್. ಇವಕ್ಕೆ ನಾರಿಚ್ ಊರು ಹೆಸರುವಾಸಿ. ಮಿನುಗುವ ಸ್ಯಾಟಿನ್ ಹಾಕಿಸಿದರೆ ತಪ್ಪು. ಕೆಲವು ತಿಂಗಳಾದ ಮೇಲೆ ಬೂದು, ತಿಳಿ ನೇರಳೆ, ಕಪ್ಪು ರಿಬ್ಬನ್ನಿನ ಬಿಳಿ ಮಸ್ಲಿನ್. ಬಿಳಿ ಕಂಡ ಕೂಡಲೇ ನಮ್ಮ ಓದುಗರು ವೈಧವ್ಯ ಶುರುವಾಯಿತು ಅಂದುಕೊಳ್ಳುತ್ತಾರೆ, ಅಲ್ಲಿ ಅದು ಶೋಕ ಇಳಿಯುತ್ತಿರುವ ಗುರುತು. ಇದನ್ನು ಯಾವುದಾದರೂ ಪಾತ್ರದ ಬಾಯಲ್ಲಿ ಹೇಳಿಸಿಬಿಡಿ. ದುಡ್ಡಿಲ್ಲದವರು ಇದ್ದ ಗೌನನ್ನೇ ಕಪ್ಪು ಬಣ್ಣದ ಹಂಡೆಗೆ ಅದ್ದುತ್ತಿದ್ದರು. ಗಂಡಸರಿಗೆ ಕಪ್ಪು ಕೋಟು, ಟೋಪಿಗೆ ಕ್ರೇಪ್. ಸೈನ್ಯದ ಅಧಿಕಾರಿಗೆ ಎಡತೋಳಿಗೆ ಕ್ರೇಪ್ ಪಟ್ಟಿ.

ವರ್ಷ ತುಂಬುವ ಮೊದಲು ವಿಧವೆ ಮರುಮದುವೆಯಾದರೆ ಊರೆಲ್ಲ ಮಾತು. ಹುಟ್ಟುವ ಮಗು ಯಾರದ್ದು ಅನ್ನುವ ಪ್ರಶ್ನೆ ಅದರ ಹಿಂದಿತ್ತು. ವಿಧುರನಿಗೆ ಇಷ್ಟು ಕಟ್ಟುನಿಟ್ಟು ಇರಲಿಲ್ಲ.

ಕಥೆ 1817ರ ಚಳಿಗಾಲದ್ದಾದರೆ ಒಂದು ವಿಷಯ ಬಿಡುವ ಹಾಗೇ ಇಲ್ಲ. ಮುಂದೆ ಪಟ್ಟಕ್ಕೆ ಬರಬೇಕಿದ್ದ ರಾಜಕುಮಾರಿ ಶಾರ್ಲಟ್ ನವೆಂಬರ್ 6ರಂದು ಹೆರಿಗೆಯ ನಂತರ ಸತ್ತಳು, ಮಗುವೂ ಉಳಿಯಲಿಲ್ಲ. ಅಂಗಡಿಗಳಲ್ಲಿ ಕಪ್ಪು ಬಟ್ಟೆಯೇ ಖಾಲಿಯಾಯಿತು. ಆ ತಿಂಗಳು ಲಂಡನ್ನಿನಲ್ಲಿ ನಿಮ್ಮ ನಾಯಕಿ ಗುಲಾಬಿ ಬಣ್ಣದ ಗೌನು ತೊಟ್ಟು ತಿರುಗಿದರೆ ಜನ ನಿಂತು ನೋಡುತ್ತಾರೆ.

## ಹಂತ 8: ಉಯಿಲು, ಉಂಗುರ, ಕಲ್ಲು

ಹೂತು ಬಂದ ಮೇಲೆ ಮನೆಯಲ್ಲಿ ಊಟ, ವೈನ್. ಉತ್ತರದ ಕಡೆಯಾದರೆ ಕಾಗದದಲ್ಲಿ ಸುತ್ತಿ ಕಪ್ಪು ಅರಗು ಒತ್ತಿದ ಬಿಸ್ಕತ್ತು. ಉಯಿಲು ಓದುವುದಿದ್ದರೆ ಈಗ. ಅದನ್ನು ಊರ್ಜಿತ ಮಾಡುತ್ತಿದ್ದದ್ದು ಚರ್ಚಿನ ನ್ಯಾಯಾಲಯ, ದೊಡ್ಡ ಆಸ್ತಿಯಾದರೆ ಲಂಡನ್ನಿನ ಡಾಕ್ಟರ್ಸ್ ಕಾಮನ್ಸ್‌ನಲ್ಲಿದ್ದ ಕ್ಯಾಂಟರ್‌ಬರಿ ಪ್ರಿರಾಗೆಟಿವ್ ಕೋರ್ಟ್. ಸತ್ತವಳು ಮದುವೆಯಾದ ಹೆಂಗಸಾದರೆ ಹುಷಾರು: ಗಂಡನ ಒಪ್ಪಿಗೆಯಿಲ್ಲದೆ ಆಕೆ ಉಯಿಲು ಬರೆಯುವುದು ಸಾಮಾನ್ಯವಾಗಿ ಸಾಧ್ಯವಿರಲಿಲ್ಲ.

ಉಯಿಲಿನಲ್ಲೇ ಇಂಥವರಿಗೆ ಉಂಗುರ ಮಾಡಿಸಿಕೊಡಿ ಅಂತ ಇಷ್ಟಿಷ್ಟು ದುಡ್ಡು ಬರೆದಿರುತ್ತಿದ್ದರು. ಉಂಗುರದಲ್ಲಿ ಹೆಸರು, ವಯಸ್ಸು, ತಾರೀಖು, ಕಪ್ಪು ಎನಾಮೆಲ್. ಮದುವೆಯಾಗದವರ ನೆನಪಿಗಾದರೆ ಬಿಳಿ. ಗಾಜಿನಡಿಯಲ್ಲಿ ಹೆಣೆದ ಕೂದಲು, ಹಂತ 2ರಲ್ಲಿ ಕತ್ತರಿಸಿಟ್ಟದ್ದು.

ಚರ್ಚಿನ ದಾಖಲೆ ಪುಸ್ತಕ ತೋರಿಸುವುದಾದರೆ 1813ರ ಜನವರಿಯಿಂದ ಅದು ಅಚ್ಚು ಹಾಕಿದ ಫಾರಂ: ಹೆಸರು, ವಾಸದ ಜಾಗ, ಹೂತ ದಿನ, ವಯಸ್ಸು, ಪಾದ್ರಿಯ ಸಹಿ. ಸತ್ತ ದಿನಕ್ಕೆ ಅಲ್ಲಿ ಕಾಲಮ್ಮೇ ಇಲ್ಲ. ಸತ್ತ ತಾರೀಖು ಬೇಕಾದರೆ ಕಲ್ಲನ್ನೋ ಉಂಗುರವನ್ನೋ ನೋಡಬೇಕು. ಕಥೆಯಲ್ಲಿ ಪತ್ತೇದಾರಿಕೆ ಇದ್ದರೆ ಈ ಎರಡು ತಾರೀಖಿನ ನಡುವಿನ ದಿನಗಳು ಬಹಳ ಕೆಲಸಕ್ಕೆ ಬರುತ್ತವೆ.

ಕಲ್ಲು ಹೂತ ದಿನವೇ ನಿಲ್ಲಿಸಬೇಡಿ, ಕೆತ್ತಿಸಲು ತಿಂಗಳುಗಳು ಹಿಡಿಯುತ್ತವೆ. ಅದರ ಮೇಲಿನ ಮಾತು ಹೇಗಿರುತ್ತಿತ್ತು ಅಂತ ನೋಡಲು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ಇದೇ ಕಾಲದ ಅಧಿಕಾರಿಗಳ, ಅವರ ಹೆಂಡತಿ ಮಕ್ಕಳ ಸಮಾಧಿಗಳಿವೆ. ಒಂದು ನೋಟ್‌ಬುಕ್ ಹಿಡಿದು ಹೋಗಿ, ಹೆಸರು ಬಿಟ್ಟು ಉಳಿದ ಒಕ್ಕಣೆ ಬರೆದುಕೊಂಡು ಬನ್ನಿ.